ಹನ್ನೊಂದನೇ ಮನೆಯ ನೆಲ

ಉಪ್ಪಣ್ಣನವರ ಬಗ್ಗೆ ನಾಲ್ಕು ಮಾತು ಬರೆದುಕೊಡು ಎಂದು ದೊಡ್ಡ ಸಾಹೇಬರು ನನಗೆ ಹೇಳಿದ್ದು ಅವರ ಬೀಳ್ಕೊಡುಗೆಗೆ ಒಂದು ವಾರ ಇರುವಾಗ. ನಾಲ್ಕೇ ಮಾತು. ಮೂವತ್ತೆರಡು ವರ್ಷ ಮಣ್ಣು ಅಗೆದು, ಒಣಗಿಸಿ, ತೂಗಿ ಕೂತ ಮನುಷ್ಯನಿಗೆ ಅಷ್ಟು ಸಾಕು ಎಂದು ಅವರ ಎಣಿಕೆ. ನಾನೂ ಬರೆದುಕೊಟ್ಟೆ: ಶ್ರದ್ಧೆ, ಪ್ರಾಮಾಣಿಕತೆ, ಸಮಯಪಾಲನೆ, ಸರಳತೆ. ಸಾಹೇಬರು ಓದಿದರು, ಜನ ಚಪ್ಪಾಳೆ ತಟ್ಟಿದರು, ಬಿಸ್ಕತ್ತು ತಿಂದು ಎದ್ದು ಹೋದರು. ಆ ಹಾಳೆಯಲ್ಲಿ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಬಾಯಿ ಜೋರು, ಅದು ಇಡೀ ಕಚೇರಿಗೆ ಗೊತ್ತು. ಆದರೆ ಇದನ್ನು ಅಷ್ಟು ಜನರ ಮುಂದೆ ಹೇಳಲು ಆ ಬಾಯಿಗೂ ಧೈರ್ಯ ಬರಲಿಲ್ಲ.

ನಮ್ಮದು ಮಣ್ಣು ಪರೀಕ್ಷೆಯ ಕಚೇರಿ. ಎಲ್ಲೇ ರಸ್ತೆ, ಸೇತುವೆ, ಮನೆ ಕಟ್ಟುವುದಿದ್ದರೂ ಮೊದಲು ಆ ಜಾಗದ ಮಣ್ಣು ನಮ್ಮ ಮೇಜಿಗೆ ಬರಬೇಕು. ಸುತ್ತ ಇರುವುದು ಮರುಭೂಮಿ, ಅದೂ ಉಪ್ಪು ತುಂಬಿದ್ದು. ಕಚೇರಿಯ ಗೋಡೆಗಳ ಬುಡದಲ್ಲಿ ವರ್ಷವಿಡೀ ಬಿಳೀ ಬೂಷ್ಟಿನ ಹಾಗೆ ಉಪ್ಪು ಉಬ್ಬಿರುತ್ತದೆ. ನನ್ನ ಕುರ್ಚಿಯ ಕೆಳಗಿನ ಟೈಲ್ಸು ಎರಡು ಸಲ ತಾನೇ ಎದ್ದು ಕೂತಿದೆ. ಹೊರಗಿನ ನೆಲ ನೋಡಿದರೆ ಮಾತ್ರ ಎಂಥವರೂ ಮೋಸ ಹೋಗಬೇಕು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ, ತುಂಬಿದ ಲಾರಿ ಹೋದರೂ ಗೆರೆ ಬೀಳುವುದಿಲ್ಲ. ಸೊಂಟದುದ್ದ ಅಗೆದರೆ ಕೆಳಗೆ ಬಾಯಿಗೆ ಹಾಕಲಾಗದಷ್ಟು ಉಪ್ಪುನೀರು.

ಇಪ್ಪತ್ತೊಂದು ವರ್ಷದ ಹಿಂದೆ ನಾನು ಟೈಪಿಸ್ಟಾಗಿ ಸೇರಿದ ಮೊದಲ ವಾರ, ಉಪ್ಪಣ್ಣ ಒಂದು ಹೆಂಟೆ ತಂದು ನನ್ನ ಮೆಷೀನಿನ ಪಕ್ಕ ಇಟ್ಟು, ಒಡೆದು ನೋಡು ಎಂದರು. ಪೇಪರ್‌ವೇಟಿನಿಂದ ಕುಟ್ಟಿದೆ, ನನ್ನ ಕೈ ನೋವಾಯಿತು. ಆಮೇಲೆ ಅವರು ನನ್ನ ಲೋಟದ ಕುಡಿಯುವ ನೀರನ್ನು ಅದರ ಮೇಲೆ ಸುರಿದರು. ಕಣ್ಣೆದುರೇ ಹೆಂಟೆ ಸೊಂಟ ಮುರಿದುಕೊಂಡು ಕೂತಿತು, ಮೇಜೆಲ್ಲ ಕೆಸರು.

"ಇದನ್ನ ಗಟ್ಟಿಯಾಗಿ ಹಿಡ್ಕೊಂಡಿದ್ದು ಉಪ್ಪು, ಟೈಪಮ್ಮ. ಉಪ್ಪು ಕರಗಿದ್ರೆ ಮರಳಿಗೆ ಮರಳು ಯಾರೋ ಏನೋ."

ಮೇಜು ಒರೆಸಿದ್ದು ನಾನೇ, ಮನಸ್ಸಿನಲ್ಲಿ ಅವರಿಗೆ ಸಹಸ್ರನಾಮ ಮಾಡುತ್ತ. ಆವತ್ತಿನಿಂದ ನಾನು ಟೈಪಮ್ಮ. ಅವರು ನಾನು ಬರುವ ಮೊದಲೇ ಉಪ್ಪಣ್ಣ ಆಗಿದ್ದರು. ಅವರ ಅಂಗಿಯ ಕಾಲರಿನಲ್ಲಿ ಸದಾ ಒಂದು ಬಿಳೀ ಗೆರೆ ಇರುತ್ತಿತ್ತು, ಬೆವರಿನದೋ ಬಯಲಿನದೋ ದೇವರೇ ಬಲ್ಲ.

ಕೆಲಸದಲ್ಲಿ ಅವರದು ಎರಡು ಹಟ. ಒಂದು ಓವನ್ನಿನದು. ಬೇರೆ ಕಡೆ ಮಣ್ಣನ್ನು ನೂರೈದು ಡಿಗ್ರಿಯಲ್ಲಿ ಒಣಗಿಸುತ್ತಾರೆ. ನಮ್ಮ ಮಣ್ಣಿನಲ್ಲಿ ಜಿಪ್ಸಂ ಇರುವುದರಿಂದ ಅಷ್ಟು ಬಿಸಿ ಮಾಡಿದರೆ ಅದು ತನ್ನ ಹರಳಿನೊಳಗಿನ ನೀರನ್ನೂ ಬಿಟ್ಟುಬಿಡುತ್ತದೆ, ತೇವದ ಲೆಕ್ಕ ಸುಳ್ಳಾಗುತ್ತದೆ. ಹಾಗಾಗಿ ಅರವತ್ತೇ ಡಿಗ್ರಿ, ದಿನಗಟ್ಟಲೆ. ಯಾರೋ ಒಮ್ಮೆ ಅವಸರಕ್ಕೆ ಓವನ್ನಿನ ತಿರುಪು ತಿರುಗಿಸಿದ್ದಕ್ಕೆ ಇಡೀ ದಿನ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಕೂತಿದ್ದರು.

ಇನ್ನೊಂದು ಹಟ ನೀರಿನದು. ಹೊಸಬನೊಬ್ಬ ಮಣ್ಣನ್ನು ನಲ್ಲಿಯ ಕೆಳಗೆ ತೊಳೆದು, ಅರ್ಧ ಮಣ್ಣು ಕರಗಿ ಸಿಂಕಿನಲ್ಲಿ ಹೋಗಿತ್ತಂತೆ. ಆಮೇಲೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಉಪ್ಪಣ್ಣನೇ ಬರೆದರು: ಸಿಹಿನೀರು ಮುಟ್ಟಿಸಬೇಡಿ. ತೊಳೆಯುವುದು, ನೆನೆಸುವುದು ಎಲ್ಲ ಆ ಮಣ್ಣು ಬಂದ ಗುಂಡಿಯದೇ ನೀರಿನಲ್ಲಿ. ಆಗಲೇ ಉಪ್ಪು ತುಂಬಿದ ಆ ನೀರು ಇನ್ನಷ್ಟು ಉಪ್ಪನ್ನು ಕರಗಿಸಲಾರದು, ಮಣ್ಣು ಇದ್ದ ಹಾಗೆ ಇರುತ್ತದೆ. ಮುಕ್ಕಾಲು ಪಾಲು ಪರೀಕ್ಷೆಗೆ ಇದೇ ಸರಿಯಾದ ಕ್ರಮ. ಒಂದಕ್ಕೆ ಮಾತ್ರ ಸಾಲದು.

ನಾನು ಸೇರಿದ ಎರಡನೇ ತಿಂಗಳು ನಮ್ಮದೇ ನೌಕರರಿಗೆ ಹನ್ನೆರಡು ಮನೆ ಕಟ್ಟುವ ಜಾಗದ ಮಣ್ಣು ಬಂತು. ಉಪ್ಪಣ್ಣ ಮಣ್ಣಿನ ಬಿಲ್ಲೆಗಳನ್ನು ಉಂಗುರದಲ್ಲಿ ಕೂರಿಸಿ, ಮೇಲೆ ತೂಕ ಹೇರಿ, ಗುಂಡಿ ನೀರಿನಲ್ಲಿ ನೆನೆಸಿ, ಡಯಲಿನ ಮುಳ್ಳು ನೋಡುತ್ತ ಕೂತರು. ಮುಳ್ಳು ಅಲ್ಲಾಡಲಿಲ್ಲ. ಫಾರಮ್ಮಿನ ಕಟ್ಟು ನನ್ನ ಮೇಜಿಗೆ ಬಂತು. ಹಿಂದಿನ ಟೈಪಿಸ್ಟು ನಿವೃತ್ತರಾಗಿ ಹೋಗಿದ್ದರು, ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ನನ್ನದು ಒಂದು ವರ್ಷದ ಪ್ರೊಬೇಷನ್ನು. ಒಂದಕ್ಷರ ತಪ್ಪಿದರೆ ಕೆಲಸ ಹೋಗುತ್ತದೆಂದು ಹೆದರಿ ಒಂದೊಂದು ಅಂಕಿಗೂ ಬೆರಳಿಟ್ಟು ಮೂರು ದಿನ ಟೈಪ್ ಮಾಡಿದೆ. ನೆನೆಸಿದಾಗ ಕುಸಿತ: ಇಲ್ಲ. ಹನ್ನೆರಡು ಸಲ.

ಮನೆಗಳು ಎದ್ದವು. ಜನ ಬಂದು ಇದ್ದ ನಾಲ್ಕನೇ ತಿಂಗಳಿಗೆ, ಬೆಳಗ್ಗೆ ಹತ್ತರ ಹೊತ್ತಿಗೆ, ಹನ್ನೆರಡನೇ ಮನೆಯ ಬಚ್ಚಲಿನ ನೆಲ ಕುಸಿಯಿತು. ಪೈಪಿನ ಒಂದು ಜಾಯಿಂಟು ಒಳಗೊಳಗೇ ಸೋರುತ್ತಿತ್ತಂತೆ. ಬಟ್ಟೆ ಒಗೆಯುತ್ತಿದ್ದ ವಾಚ್‌ಮನ್ನನ ಹೆಂಡತಿಯ ಮೊಣಕಾಲ ಕೆಳಗೆ ಮೂಳೆ ಮುರಿಯಿತು. ನಾವೆಲ್ಲ ಓಡಿದೆವು. ಆಕೆಯನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತರುವಾಗ ಉಪ್ಪಣ್ಣ ಒಂದು ತುದಿ ಹಿಡಿದಿದ್ದರು. ಪಕ್ಕದ ಹನ್ನೊಂದನೇ ಮನೆಯ ಗೋಡೆಯಲ್ಲೂ ಸೂರಿನಿಂದ ಕಿಟಕಿಯವರೆಗೆ ಬಿರುಕು ಬಿಟ್ಟಿತ್ತು.

ವಿಚಾರಣೆಯಲ್ಲಿ ಬರೆದುಕೊಳ್ಳಲು ಕೂತವಳು ನಾನೇ. ಆಗಿನ ಸಾಹೇಬರು ನಾನು ಟೈಪ್ ಮಾಡಿದ ರಿಪೋರ್ಟನ್ನು ಮುಂದಿಟ್ಟು, ಯಾವ ನೀರಿನಲ್ಲಿ ನೆನೆಸಿದೆ ಎಂದು ಕೇಳಿದರು. ಗುಂಡಿ ನೀರು ಎಂದರು ಉಪ್ಪಣ್ಣ. ಮನೆ ಅಂದ ಮೇಲೆ ನಲ್ಲಿ ಇರುತ್ತದೆ, ನಲ್ಲಿಯಲ್ಲಿ ಬರುವುದು ಸಿಹಿನೀರು, ಅದು ನಿನಗೆ ಗೊತ್ತಿರಲಿಲ್ಲವೇ ಎಂದು ಸಾಹೇಬರು ಕೂಗಾಡಿದರು. ಉಪ್ಪಣ್ಣ ಆ ರಿಪೋರ್ಟನ್ನು ಒಂದೊಂದೇ ಹಾಳೆ ತಿರುವಿ ಕೊನೆಯವರೆಗೂ ನೋಡಿದರು. ಆಮೇಲೆ ತಲೆಯೆತ್ತಿ, ಸಾಹೇಬರನ್ನಲ್ಲ, ಯಾಕೋ ನನ್ನನ್ನು ಒಂದು ಗಳಿಗೆ ನೋಡಿದರು.

"ಗೊತ್ತಿತ್ತು ಸಾರ್. ತಪ್ಪಾಯ್ತು."

ಅಷ್ಟೇ ಮಾತು. ನಾನು ಅದನ್ನು ನೀಟಾಗಿ ಬರೆದುಕೊಂಡೆ. ಎಂಥ ಪೆದ್ದ, ತನ್ನ ಗೋಡೆ ಬರಹಕ್ಕೆ ತಾನೇ ಬಲಿಯಾದ ಎಂದುಕೊಂಡೆ.

ಅವರಿಗೆ ಆಗಲೇ ದೂರದ ಊರಿನ ದೊಡ್ಡ ಕಚೇರಿಗೆ ವರ್ಗವಾಗಿತ್ತು. ಅತ್ತಿಗೆ, ಅಂದರೆ ಉಪ್ಪಣ್ಣನ ಹೆಂಡತಿ, ಪಾತ್ರೆಗಳನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದ್ದರು. ಅಲ್ಲಿ ಸಿಗುವ ಮನೆಯ ಹಿಂದೆ ಕೆಮ್ಮಣ್ಣಿನ ಅಂಗಳ ಇದೆ, ದಾಳಿಂಬೆ ಹಾಕುತ್ತೇನೆ ಎಂದು ನನ್ನ ಹತ್ತಿರ ಹತ್ತು ಸಲವಾದರೂ ಹೇಳಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಆಸೆ ಅಂತ ಬಾಯಿಬಿಟ್ಟು ಹೇಳುತ್ತಿದ್ದದ್ದು ಇದೊಂದೇ. ವಿಚಾರಣೆಯ ಮರುದಿನ ವರ್ಗ ರದ್ದಾಯಿತು, ಬಡ್ತಿ ನಿಂತಿತು. ಬಿರುಕು ಕಂಡು ಇದ್ದವರು ಬಿಟ್ಟುಹೋದ ಹನ್ನೊಂದನೇ ಮನೆಗೆ ಹೋಗಲು ಯಾರೂ ಒಪ್ಪದಿದ್ದಾಗ ಸಾಹೇಬರು, ಪರೀಕ್ಷೆ ಮಾಡಿದವನೇ ಇರಲಿ ಬಿಡಿ ಎಂದು ನಕ್ಕರು. ಅದು ತಮಾಷೆಯ ಮಾತು. ಉಪ್ಪಣ್ಣ ಮಾತ್ರ ಆ ಸಂಜೆಯೇ ಸಾಮಾನು ಸಾಗಿಸಿದರು.

ಹೋದವರೇ ಮೊದಲು ಮಾಡಿದ ಕೆಲಸ ಮನೆಯ ನಲ್ಲಿ ಕಿತ್ತುಹಾಕಿದ್ದು. ಬಿರುಕಿನ ಮೇಲೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಬಿರಿಯುತ್ತದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಕಚೇರಿಯಿಂದ ಕ್ಯಾನಿನಲ್ಲಿ ನೀರು. ಸ್ನಾನ ತಗಡಿನ ದೊಡ್ಡ ಟಬ್ಬಿನಲ್ಲಿ ನಿಂತು. ಸ್ನಾನದ ನೀರು, ಮುಸುರೆ ನೀರು, ಅಕ್ಕಿ ತೊಳೆದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ಹೊತ್ತು ಇನ್ನೂರು ಹೆಜ್ಜೆ ಆಚೆಯ ಸಿಮೆಂಟಿನ ಚರಂಡಿಗೆ ಸುರಿಯಬೇಕು. ಒಂದು ಹನಿ ನೆಲಕ್ಕೆ ಬೀಳಬಾರದು. ಇನ್ನೊಬ್ಬರ ಕಾಲು ಮುರಿಯಬಾರದು ಎಂದಷ್ಟೇ ಹೇಳುತ್ತಿದ್ದರು. ಅತ್ತಿಗೆ ಲೋಟ ತೊಳೆದ ನೀರನ್ನು ಮರೆತು ಹೊಸ್ತಿಲಾಚೆ ಚೆಲ್ಲಿದರೆ ಇವರು ಬಟ್ಟೆ ತಂದು ಒತ್ತಿ ಒತ್ತಿ ಹೀರಿಸುತ್ತಿದ್ದರು. ನಾನು ಕಚೇರಿಯಲ್ಲಿ ಇದನ್ನೆಲ್ಲ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಉಪ್ಪಣ್ಣ ಸೀನಿದರೂ ಕರವಸ್ತ್ರ ಹಿಂಡಿ ಚರಂಡಿಗೆ ಹಾಕಿ ಬರುತ್ತಾರೆ ಎನ್ನುತ್ತಿದ್ದೆ. ಅವರ ಕಿವಿಗೂ ಬೀಳುತ್ತಿತ್ತು. ಒಂದು ದಿನವೂ ತಿರುಗಿ ಅನ್ನಲಿಲ್ಲ.

ಅತ್ತಿಗೆ ಆರು ವರ್ಷ ತಡೆದರು. ಕಡೆಕಡೆಗೆ ಒಂದು ಹಳೇ ಬಕೆಟ್ಟಿನಲ್ಲಿ ದಾಳಿಂಬೆ ನೆಟ್ಟರು, ಅದರ ಕೆಳಗೆ ತಗಡಿನ ತಟ್ಟೆ ಇಟ್ಟರು. ಉಪ್ಪಣ್ಣ ಬೇಡವೆನ್ನಲಿಲ್ಲ, ದಿನಾ ತಟ್ಟೆ ಎತ್ತಿ ನೋಡುತ್ತಿದ್ದರು. ಗಿಡ ಎದೆಯುದ್ದ ಬಂತು, ಎರಡು ಹೂ ಬಿಟ್ಟಿತು. ಉಪ್ಪುಗಾಳಿಗೆ ತಟ್ಟೆ ತುಕ್ಕು ತಿಂದು ತೂತಾಗಿದ್ದು ಗೊತ್ತಾಗಲಿಲ್ಲ. ಒಂದು ದಿನ ಅಡಿಯಲ್ಲಿ ಅಂಗೈ ಅಗಲ ತೇವ ಕಂಡಿತು. ಅತ್ತಿಗೆ ತಂಗಿಯ ಮನೆಗೆ ಎರಡು ದಿನ ಹೋಗಿದ್ದ ಹೊತ್ತು. ಉಪ್ಪಣ್ಣ ಬಕೆಟ್ಟನ್ನು ಕೈಗಾಡಿಯಲ್ಲಿ ತಂದು ಕಚೇರಿಯ ಗೇಟಿನ ಹತ್ತಿರ ಇಟ್ಟರು. ಅಲ್ಲಿ ಬಯಲ ಗಾಳಿ ನೇರ ಬಡಿಯುತ್ತದೆ. ಅತ್ತಿಗೆ ವಾಪಸು ಬರುವಷ್ಟರಲ್ಲಿ ಎಲೆಗಳೆಲ್ಲ ಸುಟ್ಟು ಮುರುಟಿದ್ದವು. ಅವರು ಗೇಟಿನಲ್ಲಿ ನಿಂತು ಗಿಡವನ್ನು ಮುಟ್ಟಿ ನೋಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅಳಲಿಲ್ಲ, ಜಗಳವಾಡಲಿಲ್ಲ. ಮರುದಿನ ಬಸ್ಸಿಗೆ ಹೋದವರು ಮತ್ತೆ ಬರಲಿಲ್ಲ. ನನಗೆ ಉಪ್ಪಣ್ಣನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಒಂದು ತಿಂಗಳು ಅವರ ಜೊತೆ ಮಾತೇ ಬಿಟ್ಟೆ.

ಮಿಕ್ಕ ಮನೆಯವರೂ ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಹನ್ನೆರಡು ಮನೆಯ ಸಾಲಿನಲ್ಲಿ ಹದಿನಾಲ್ಕು ವರ್ಷ ದೀಪ ಉರಿದದ್ದು ಒಂದೇ ಕಿಟಕಿಯಲ್ಲಿ. ಉಪ್ಪಣ್ಣ ಬೆಳಗ್ಗೆ ಎರಡು ಕ್ಯಾನು ತುಂಬಿಕೊಂಡು ಹೋಗುವುದು, ಸಂಜೆ ಎರಡು ಬಕೆಟ್ಟು ಚರಂಡಿಗೆ ಸುರಿಯುವುದು. ಮಾತಾಡಲು ಮನುಷ್ಯರಿಲ್ಲದೆ ಮಣ್ಣಿನ ಜೊತೆ ಮಾತಾಡುತ್ತಾರೆ ಎಂದು ಜನ ಆಡಿಕೊಂಡರು. ಅದು ನಿಜ. ಡಯಲಿನ ಮುಂದೆ ಕೂತು "ಬಾ, ಬಾ, ಸಾಕು, ನಿಲ್ಲು" ಎನ್ನುವುದನ್ನು ನಾನೇ ಕೇಳಿದ್ದೇನೆ. ಈ ನಡುವೆ ಅಪ್ಪ ತೀರಿಕೊಂಡರು, ನಾನು ಕಚೇರಿಯ ಹಿಂದಿನ ಒಂದು ಕೋಣೆಗೆ ಬಂದೆ. ಒಂಟಿತನ ಅಂದರೆ ಏನೆಂದು ಆಗ ನನಗೂ ತಿಳಿಯಿತು. ಆದರೂ ಅವರನ್ನು ಕರೆದು ಒಂದು ಲೋಟ ಚಹಾ ಕೊಡುವ ಬುದ್ಧಿ ನನಗೆ ಬರಲಿಲ್ಲ.

ಬೀಳ್ಕೊಡುಗೆಯ ನಾಲ್ಕು ಮಾತಿಗೆ ಏನಾದರೂ ಸಿಕ್ಕೀತೆಂದು ರೆಕಾರ್ಡ್ ರೂಮಿಗೆ ಹೋಗಿ ಅವರ ಹಳೆಯ ಫೈಲುಗಳನ್ನು ಎಳೆದೆ. ಹನ್ನೆರಡು ಮನೆಯ ಕಟ್ಟೂ ಬಂತು, ಅವರ ಕೈಬರಹದ ಮೂಲ ಫಾರಮ್ಮುಗಳು. ಹಳೇ ದಾರ ತುಂಡಾಗಿ ಹಾಳೆಗಳು ನೆಲದ ಮೇಲೆ ಚೆಲ್ಲಿದವು, ಒಂದೆರಡು ಬೋರಲಾಗಿ ಬಿದ್ದವು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಹಿಂಬದಿಯಲ್ಲಿ ಅದೇ ದುಂಡನೆಯ ಅಕ್ಷರ:

ಇದು ಗುಂಡಿ ನೀರಿನಲ್ಲಿ ಮಾಡಿದ್ದು. ಮನೆಗೆ ಇದು ಸಾಲದು. ಸಿಹಿನೀರಿನಲ್ಲಿ ಮತ್ತೊಮ್ಮೆ ನೋಡುವವರೆಗೆ ಪೈಪು ಹಾಕಬಾರದು.

ಹನ್ನೆರಡು ಹಾಳೆಯ ಹಿಂದೆಯೂ ಅದೇ. ಇನ್ನೂ ಹಳೆಯ ಕಟ್ಟುಗಳನ್ನು ಬಿಚ್ಚಿ ನೋಡಿದೆ. ಅಚ್ಚಾದ ಫಾರಮ್ಮಿನಲ್ಲಿ ಷರಾ ಬರೆಯಲು ಜಾಗವೇ ಇಲ್ಲ, ಅವರು ಮೊದಲಿನಿಂದಲೂ ಹಿಂದೆಯೇ ಬರೆಯುತ್ತಿದ್ದರು. ಹಿಂದಿನ ಟೈಪಿಸ್ಟು ಪ್ರತಿ ಹಾಳೆ ಮಗುಚಿ ನೋಡಿ ರಿಪೋರ್ಟಿನ ಕೊನೆಯಲ್ಲಿ ಅದನ್ನು ಸೇರಿಸುತ್ತಿದ್ದರು. ನಾನು ಮಗುಚಲಿಲ್ಲ. ಒಂದೊಂದು ಅಂಕಿಗೂ ಬೆರಳಿಟ್ಟವಳು ಒಂದು ಹಾಳೆಯನ್ನೂ ತಿರುಗಿಸಿ ನೋಡಲಿಲ್ಲ. ಆಮೇಲೆ ಯಾವಾಗಲೋ ಉಪ್ಪಣ್ಣ ಷರಾಗಳನ್ನು ಬೇರೆ ಚೀಟಿಯಲ್ಲಿ ಬರೆದು ಮೇಲೆಯೇ ಪಿನ್ನು ಚುಚ್ಚಿ ಕೊಡಲು ಶುರು ಮಾಡಿದ್ದು ನೆನಪಾಯಿತು. ಯಾಕೆಂದು ನಾನು ಕೇಳಿರಲಿಲ್ಲ. ಆ ಮುರಿದ ಕಾಲು, ಆ ಸುಟ್ಟ ಗಿಡ, ಹದಿನಾಲ್ಕು ವರ್ಷದ ಆ ಒಂದು ಕಿಟಕಿ, ಎಲ್ಲ ನನ್ನದೇ.

ನೇರ ಹನ್ನೊಂದನೇ ಮನೆಗೆ ಹೋದೆ. ಉಪ್ಪಣ್ಣ ಸಾಮಾನು ಕಟ್ಟುತ್ತಿದ್ದರು. ನಿವೃತ್ತಿಯಾದ ತಿಂಗಳೊಳಗೆ ಮನೆ ಬಿಡಬೇಕು, ಆಮೇಲೆ ಇಡೀ ಸಾಲನ್ನು ಕೆಡವುತ್ತಾರೆ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದವರಿಗೆಲ್ಲ ನೋಡೋಣ ಎನ್ನುತ್ತಿದ್ದರು. ಹೋಗಲು ಜಾಗವಿರಲಿಲ್ಲ. ಅವರಿಗಿದ್ದದ್ದು ಅತ್ತಿಗೆ ಒಬ್ಬರು, ಹದಿನಾಲ್ಕು ವರ್ಷದಿಂದ ಅವರಿಂದ ಒಂದು ಫೋನೂ ಇಲ್ಲ. ಗೋಡೆಯ ಮೇಲಿನ ಗಾಜಿನ ಪಟ್ಟಿ ಮಾತ್ರ ಹಾಗೇ ಇತ್ತು, ಒಂದು ಗೀರೂ ಇಲ್ಲದೆ.

ನಾನು ಹಾಳೆಯನ್ನು ಬೋರಲಾಗಿ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದು ಮಡಚಿದರು.

"ಅವತ್ತೇ ತೋರಿಸಬಹುದಿತ್ತಲ್ಲ, ಉಪ್ಪಣ್ಣ?"

"ನಿನ್ನ ಕೆಲಸ ಹೋಗ್ತಿತ್ತು. ನಿಮ್ಮಪ್ಪ ಹಾಸಿಗೇಲಿದ್ರು." ಕನ್ನಡಕವನ್ನು ಜೇಬಿಗೆ ಹಾಕಿ ಹೇಳಿದರು: "ಮತ್ತೆ, ಕಾಲು ಮುರಿಯೋ ಅಂಥ ವಿಷಯಾನ ಹಾಳೆ ಹಿಂದೆ ಬರೆದೋನು ನಾನೇ ತಾನೇ. ಸಾಹೇಬರ ಹತ್ರ ಹೋಗಿ ಬಾಯಲ್ಲಿ ಹೇಳಬೇಕಿತ್ತು. ನನಗೆ ಬಾಯಿ ಬರಲ್ಲ."

ನಾನು ಅತ್ತೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ, ಮೂಗು ಸೋರಿಸಿಕೊಂಡು, ಚಿಕ್ಕ ಹುಡುಗಿಯ ಹಾಗೆ. ಅವರು ಟವೆಲು ಕೊಟ್ಟು, ನೆಲಕ್ಕೆ ಬೀಳಿಸಬೇಡ ಎಂದರು. ಇಪ್ಪತ್ತೊಂದು ವರ್ಷದಲ್ಲಿ ಅವರು ಮಾಡಿದ ಒಂದೇ ತಮಾಷೆ ಅದು.

ಆ ಭಾನುವಾರ ಬಸ್ಸು ಹಿಡಿದು ಆರು ಗಂಟೆ ಕೂತು ಅತ್ತಿಗೆಯ ಊರಿಗೆ ಹೋದೆ. ತಂಗಿಯ ಮನೆಯ ಪಕ್ಕದ ಎರಡು ಕೋಣೆಯಲ್ಲಿ ಹೊಲಿಗೆ ಮೆಷೀನು ಇಟ್ಟುಕೊಂಡು ಸ್ಕೂಲು ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ಅಂಗಳದಲ್ಲಿ ಮನುಷ್ಯನೆತ್ತರದ ದಾಳಿಂಬೆ, ಬುಡದಲ್ಲಿ ತೇವದ ಕೆಂಪು ಮಣ್ಣು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ, ಹಾಳೆ ಕೊಟ್ಟೆ. ಅವರು ಮುಂದೆ ಓದಿದರು, ಹಿಂದೆ ಓದಿದರು, ಮತ್ತೆ ಮುಂದೆ ಓದಿದರು. ಬಾಗಿಲಾಚೆ ದಬ್ಬಿದರೂ ಸರಿ ಎಂದು ತಲೆ ತಗ್ಗಿಸಿ ಕೂತಿದ್ದೆ.

"ನಿನ್ನ ಕೆಲಸ ಉಳಿಸಿದ್ರು ಅಂತ ನನಗೆ ಬೇಜಾರಿಲ್ಲ ಕಣೆ. ಆಮೇಲೂ ಆರು ವರ್ಷ ಒಂದೇ ಚಾಪೆ ಮೇಲೆ ಮಲಗಿದ್ವಿ. ನನ್ನನ್ನ ಒಂದು ಮಾತು ಕೇಳಬಹುದಿತ್ತು. ಕೇಳಿದ್ರೆ ನಾನೂ ಹೂಂ ಅಂತಿದ್ದೆ."

ಅತ್ತಿಗೆ ಎದ್ದು ಅರ್ಧ ಹೊಲಿದ ಅಂಗಿಯ ದಾರ ಕತ್ತರಿಸಿದರು. ಆ ಮನೆಯ ಗಾಜು ಒಡೆಯಿತೇ ಎಂದು ಕೇಳಿದರು. ಇಲ್ಲ ಎಂದೆ. ಅಂಗಿಯನ್ನು ಮಡಚಿಟ್ಟು, ಈ ಮನೆಯಲ್ಲಿ ಇಟ್ಟುಕೊಳ್ಳಲಾರೆ, ಒಬ್ಬಳೇ ಇದ್ದು ಅಭ್ಯಾಸವಾಗಿಹೋಗಿದೆ, ಎರಡು ಬೀದಿ ಆಚೆ ಒಂದು ಕೋಣೆ ಖಾಲಿ ಇದೆ ಎಂದರು.

"ಬರಲಿ. ಆದ್ರೆ ನೀನು ಹೇಳಿದ್ದನ್ನ ಅವರೇ ಬಂದು, ನನ್ನೆದುರು ಕೂತು, ಬಾಯಿ ಬಿಟ್ಟು ಹೇಳಲಿ."

ಉಪ್ಪಣ್ಣ ಆ ಮಾತು ಕೇಳಿ ಎರಡು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ. ಡಯಲಿನ ಮುಂದೆ ಕೂರುತ್ತಿದ್ದ ಹಾಗೆ ಖಾಲಿ ಗೋಡೆಯ ಮುಂದೆ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಮೂರನೇ ದಿನ, ಬೀಳ್ಕೊಡುಗೆ ಮುಗಿದದ್ದೇ, ಬಸ್ಸಿಗೆ ಹತ್ತಿಸಿದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹನ್ನೊಂದನೇ ಮನೆಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ನೀರು ಮುಟ್ಟಿಸಬೇಡಿ ಎಂದು ಹೇಳು ಅವರಿಗೆ ಎಂದರು.

ನಾನು ಹೇಳಿದೆ. ಕೆಡವಲು ಬಂದವರು ನಕ್ಕರು. ಧೂಳೇಳಬಾರದೆಂದು ಟ್ಯಾಂಕರು ತಂದು ಹನ್ನೊಂದನೇ ಮನೆಯ ಪಕ್ಕ ನಿಲ್ಲಿಸಿ, ಪೈಪಿನಲ್ಲಿ ನೀರು ಬಿಟ್ಟು ಊಟಕ್ಕೆ ಹೋದರು. ಅವರು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಆ ಮೂಲೆಯ ನೆಲ ಕೂತು, ಗೋಡೆ ಸೀಳಿ, ಇಪ್ಪತ್ತು ವರ್ಷ ಬಿರಿಯದಿದ್ದ ಗಾಜು ಎರಡು ತುಂಡಾಗಿ ಕೆಳಗೆ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಒಂದು ತುಂಡು ಎತ್ತಿಕೊಂಡು ಬಂದು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಈಗ ನನ್ನ ಮೇಜಿಗೆ ಯಾವ ಕಾಗದ ಬಂದರೂ, ಚಹಾದ ಚೀಟಿಯೇ ಆಗಲಿ, ಮೊದಲು ಮಗುಚಿ ನೋಡುತ್ತೇನೆ. ಹಿಂದೆ ಏನೂ ಇರುವುದಿಲ್ಲ.

ಕಳೆದ ವಾರ ಮಧ್ಯಾಹ್ನ ಕಚೇರಿಗೆ ಫೋನು ಬಂತು. ಉಪ್ಪಣ್ಣ. ಕೋಣೆ ಸಣ್ಣದು, ಗಾಳಿ ಬರುತ್ತದೆ, ಸಂಜೆ ಎರಡು ಬೀದಿ ನಡೆದು ಅಲ್ಲಿಗೆ ಹೋಗುತ್ತೇನೆ, ಅಂಗಳದಲ್ಲಿ ಕೂತು ಬರುತ್ತೇನೆ ಎಂದರು. ಹೇಳಿದಿರಾ ಎಂದು ಕೇಳಿದೆ. ಹೂಂ, ಅರ್ಧ ಹೇಳಿದ್ದೇನೆ, ದಿನಾ ಸ್ವಲ್ಪ ಸ್ವಲ್ಪ ಹೇಳುತ್ತಿದ್ದೇನೆ ಎಂದರು. ಹನ್ನೊಂದನೇ ಮನೆಯ ವಿಷಯ ನಾನು ಎತ್ತಲಿಲ್ಲ. ಫೋನು ಇಡುತ್ತಾರೆ ಅಂದುಕೊಂಡೆ, ಇಡಲಿಲ್ಲ.

"ನಿನ್ನೆ ನಿಮ್ಮತ್ತಿಗೆ ಕೊಡ ಕೈಗೆ ಕೊಟ್ಟು ಗಿಡಕ್ಕೆ ಹಾಕಿ ಅಂದ್ಲು, ಟೈಪಮ್ಮ. ಪೂರ್ತಿ ಒಂದು ಕೊಡ ಸುರಿದೆ, ಸುರಿದು ಅಲ್ಲೇ ಕೂತು ನೋಡಿದೆ. ನೆಲ ಕುಡೀತು. ಏನೂ ಆಗ್ಲಿಲ್ಲ."